ಲೀಜನೆಲ್ಲ: ಶವರ್ ತುಂತುರಿನ ಜೊತೆ ಶ್ವಾಸಕೋಶಕ್ಕೆ ಇಳಿಯುವ ಬ್ಯಾಕ್ಟೀರಿಯಾ

ತೀರ್ಥಹಳ್ಳಿ ಕಡೆಯ ನಮ್ಮ ಚಿಕ್ಕಮ್ಮನ ಮನೆಯಲ್ಲಿ ಎರಡು ರೂಮನ್ನು ಹೋಂಸ್ಟೇ ಮಾಡಿದ್ದಾರೆ. ಮನೆಯವರ ಸ್ನಾನ ಇವತ್ತಿಗೂ ಹಂಡೆ ನೀರಲ್ಲೇ, ಬಚ್ಚಲೊಲೆಗೆ ಅಡಿಕೆ ಸಿಪ್ಪೆ ಹಾಕಿ ಕಾಯಿಸಿದ್ದು. ಬಂದವರಿಗೆ ಮಾತ್ರ ಸೋಲಾರ್, ಶವರ್. ಆಷಾಢದಲ್ಲಿ ನಾನು ಹೋದಾಗ, ತಿಂಗಳಿಂದ ಮುಚ್ಚಿದ್ದ ರೂಮು ನನಗೆ ಸಿಕ್ಕಿತು. ಶವರ್ ತಿರುಗಿಸಿದೆ. ಮೊದಲು ಬುಸ್ ಅಂತ ಗಾಳಿ, ಆಮೇಲೆ ತುಕ್ಕು ಬಣ್ಣದ ನೀರು, ಕೊನೆಗೆ ತಿಳಿ. ಕೈಯೊಡ್ಡಿದರೆ ಉಗುರುಬೆಚ್ಚಗೆ.

ಹೀಗೆ ನಿಂತ ಉಗುರುಬೆಚ್ಚಗಿನ ನೀರೇ ಲೀಜನೆಲ್ಲಕ್ಕೆ ಬೇಕಾದ್ದು. ಹೊಳೆ, ಕೆರೆಗಳಲ್ಲಿ ಈ ಬ್ಯಾಕ್ಟೀರಿಯಾ ಅಲ್ಪಸ್ವಲ್ಪ ಇದ್ದೇ ಇರುತ್ತದೆ. ಪೈಪಿನೊಳಗೆ ಸೇರಿ, 20ರಿಂದ 45 ಡಿಗ್ರಿ ಬಿಸಿಯಲ್ಲಿ ದಿನಗಟ್ಟಲೆ ನಿಂತರೆ ಲೋಳೆಯಲ್ಲಿ ಕೂತು ಹೆಚ್ಚುತ್ತದೆ. 60 ಡಿಗ್ರಿ ದಾಟಿದರೆ ಸಾಯುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಸೋಲಾರ್ ನೀರು ಅಷ್ಟು ಕಾಯೋದೇ ಕಷ್ಟ, ಅಲ್ವಾ?

ಈ ನೀರು ಕುಡಿದರೆ ಸಾಮಾನ್ಯವಾಗಿ ಕಾಯಿಲೆ ಬರುವುದಿಲ್ಲ. ಕಣ್ಣಿಗೆ ಕಾಣದಷ್ಟು ಸಣ್ಣ ಹನಿಗಳು ಉಸಿರಿನ ಜೊತೆ ಶ್ವಾಸಕೋಶಕ್ಕೆ ಇಳಿದಾಗಲೇ ತೊಂದರೆ. ಶವರ್, ಗುಳ್ಳೆ ಏಳುವ ಬಿಸಿನೀರಿನ ತೊಟ್ಟಿ (ಹಾಟ್ ಟಬ್), ಕಾರಂಜಿ, ದೊಡ್ಡ ಹೋಟೆಲುಗಳ ಎಸಿಯ ಕೂಲಿಂಗ್ ಟವರ್ ಇಂಥ ಹನಿ ಎಬ್ಬಿಸುತ್ತವೆ. ಚೊಂಬಿನಲ್ಲಿ ಮೊಗೆದು ಹುಯ್ದುಕೊಂಡರೆ ಅಷ್ಟು ತುಂತುರು ಏಳುವುದಿಲ್ಲ. ನಮ್ಮ ಹಂಡೆ ಸ್ನಾನದ ಮೇಲೆ ನನಗೆ ಪ್ರೀತಿ ಜಾಸ್ತಿಯಾಗಿದ್ದು ಇದು ಗೊತ್ತಾದ ಮೇಲೆ.

ಹೆಸರು ಬಂದದ್ದು ಒಂದು ದುರಂತದಿಂದ. 1976ರ ಜುಲೈನಲ್ಲಿ ಅಮೆರಿಕದ ಫಿಲಡೆಲ್ಫಿಯಾದ ಹೋಟೆಲೊಂದರಲ್ಲಿ ‘ಅಮೆರಿಕನ್ ಲೀಜನ್’ ಎಂಬ ಮಾಜಿ ಸೈನಿಕರ ಸಂಘದ ಸಮಾವೇಶ ನಡೆಯಿತು. ಹೋದವರು ಊರಿಗೆ ಮರಳಿ ನ್ಯುಮೋನಿಯಾದಿಂದ ಒಬ್ಬೊಬ್ಬರಾಗಿ ಸಾಯತೊಡಗಿದರು. ಕಾರಣವಾದ ಬ್ಯಾಕ್ಟೀರಿಯಾ ಯಾವುದೆಂದು ಜಗತ್ತಿಗೆ ತಿಳಿದಿದ್ದು 1977ರ ಜನವರಿಯಲ್ಲಿ. ಆ ಲೀಜನ್ ಸಂಘದಿಂದಲೇ ಕಾಯಿಲೆಗೆ ‘ಲೀಜನೇರ್ಸ್’, ಬ್ಯಾಕ್ಟೀರಿಯಾಕ್ಕೆ ಲೀಜನೆಲ್ಲ ಎಂಬ ಹೆಸರು.

ಜೋಗ, ಆಗುಂಬೆ ನೋಡಲು ಬಂದು ಉಳಿಯುವವರು ಇಷ್ಟು ಮಾಡಿ. ರೂಮಿಗೆ ಹೋದ ತಕ್ಷಣ ಸ್ನಾನಕ್ಕಿಳಿಯಬೇಡಿ. ಕಿಟಕಿ ತೆಗೆದು, ನಲ್ಲಿ, ಶವರ್ ಎರಡನ್ನೂ ಕೆಲವು ನಿಮಿಷ ಹರಿಯಬಿಟ್ಟು ಹೊರಗೆ ಬನ್ನಿ. ಕೈಶವರ್ ಇದ್ದರೆ ಅದರ ತಲೆಯನ್ನು ಬಕೆಟ್ ನೀರಿನಲ್ಲಿ ಮುಳುಗಿಸಿಡಿ, ತುಂತುರು ಏಳುವುದಿಲ್ಲ. ರೂಮು ಕೊಡುವವರು ಖಾಲಿ ರೂಮಿನ ನಲ್ಲಿಗಳನ್ನು ವಾರಕ್ಕೊಮ್ಮೆಯಾದರೂ ಹರಿಸಬೇಕು, ಗೀಸರ್ 60 ಡಿಗ್ರಿಗೆ ಇಡಬೇಕು. ಆ ನೀರು ಮೈ ಸುಡುತ್ತದೆ, ತಣ್ಣೀರು ಬೆರೆಸಿಯೇ ಬಳಸಬೇಕು. ಶವರ್ ತಲೆ ಬಿಚ್ಚಿ ಬಿಳಿ ಕಟ್ಟಿದ್ದನ್ನು ಉಜ್ಜಿ ತೆಗೆಯುವುದೂ ಮುಖ್ಯ.

50 ದಾಟಿದವರು, ಬೀಡಿ ಸಿಗರೇಟು ಸೇದುವವರು, ಸಕ್ಕರೆ ಕಾಯಿಲೆ ಅಥವಾ ಶ್ವಾಸಕೋಶದ ತೊಂದರೆ ಇರುವವರು ಹೆಚ್ಚು ಹುಷಾರಾಗಿರಬೇಕು. ಪ್ರವಾಸ ಮುಗಿಸಿ ಎರಡು ವಾರದೊಳಗೆ ಜ್ವರ, ಕೆಮ್ಮು, ಏದುಸಿರು ಬಂದರೆ ಸುಮ್ನೆ ಮಳೆಯ ಶೀತ ಅಂತ ಕಷಾಯ ಕುಡಿದು ಕೂರಬೇಡಿ. ಎಲ್ಲಿ ಉಳಿದಿದ್ದಿರಿ ಅನ್ನೋದನ್ನು ಡಾಕ್ಟರಿಗೆ ಹೇಳಿ. ಪೆನಿಸಿಲಿನ್ ಜಾತಿಯ ಔಷಧಿ ಇದಕ್ಕೆ ನಾಟುವುದಿಲ್ಲ. ಅಜಿತ್ರೋಮೈಸಿನ್, ಲೆವೊಫ್ಲಾಕ್ಸಾಸಿನ್‌ನಂಥವು ಬೇಕು. ಅದನ್ನು ಡಾಕ್ಟರೇ ಬರೆದುಕೊಡಬೇಕು.