ನಕ್ಷೆಯ ಮೇಲಿನ ಗೆರೆ ಮತ್ತು ಬಿರುಗಾಳಿಯ ದಿನದ ಕಡಲು

ಹಾಸನದಲ್ಲಿ ಕುಳಿತು ಕಡಲಿನ ಲೆಕ್ಕ ಹಾಕುವ ಎಂಜಿನಿಯರ್ ಎಂದರೆ ಕೇಳಿದವರಿಗೆ ನಗು ಬರುವುದು ಸಹಜ. ಬಂದರು ಮತ್ತು ಕಡಲತೀರದ ಕಾಮಗಾರಿಗಳಲ್ಲಿ ಬಹುಕಾಲ ಕಳೆದು ಊರಿಗೆ ಮರಳಿದ ನನ್ನ ಬಳಿಗೆ ಈಗ ಬರುವವರಲ್ಲಿ ಸಕಲೇಶಪುರ, ಮೂಡಿಗೆರೆ ಕಡೆಯ ಕಾಫಿ ಬೆಳೆಗಾರರೇ ಹೆಚ್ಚು. ತೋಟದಲ್ಲಿ ಹೋಂಸ್ಟೇ ನಡೆಸಿ ಅನುಭವವಿರುವ ಅವರು ಘಾಟಿ ಇಳಿದು ಕಡಲ ಪಕ್ಕದಲ್ಲಿ ತುಂಡು ಜಾಗ ಕೊಂಡು, ಅಲ್ಲಿಯೂ ಅಂಥದ್ದೊಂದನ್ನು ಕಟ್ಟುವ ಆಲೋಚನೆಯಲ್ಲಿರುತ್ತಾರೆ. ಹಾಗೆ ಬಂದ ಒಬ್ಬರು ನಕ್ಷೆಯನ್ನು ಮೇಜಿನ ಮೇಲೆ ಹರಡಿ, "ಉಬ್ಬರದ ಗೆರೆಯಿಂದ ಕಾನೂನು ಹೇಳಿದಷ್ಟು ಜಾಗ ಬಿಟ್ಟಿದ್ದೇನೆ ಸಾರ್, ಇನ್ನು ನೀರು ಬರುವ ಮಾತೇ ಇಲ್ಲವಲ್ಲ?" ಎಂದು ಕೇಳಿದರು.

ಕರಾವಳಿ ನಿಯಂತ್ರಣ ವಲಯದ ನಿಯಮಗಳಲ್ಲಿ ಉಬ್ಬರದ ಗೆರೆ ಎಂದರೆ ದೊಡ್ಡ ಉಬ್ಬರದ ದಿನಗಳಲ್ಲಿ ನೀರು ನೆಲದ ಮೇಲೆ ಏರಿ ಮುಟ್ಟುವ ಕೊನೆಯ ಗೆರೆ. 2019ರ ಅಧಿಸೂಚನೆಯು ಜನದಟ್ಟಣೆ ಹೆಚ್ಚಿರುವ ಗ್ರಾಮೀಣ ಪ್ರದೇಶಗಳಲ್ಲಿ ಆ ಗೆರೆಯಿಂದ 50 ಮೀಟರ್, ಉಳಿದ ಗ್ರಾಮೀಣ ಪ್ರದೇಶಗಳಲ್ಲಿ 200 ಮೀಟರ್ ದೂರದವರೆಗೆ ಹೊಸ ಕಟ್ಟಡಗಳನ್ನು ನಿರ್ಬಂಧಿಸುತ್ತದೆ. ಆದರೆ ಆ ಗೆರೆ ಚಂದ್ರ ಮತ್ತು ಸೂರ್ಯರ ಸೆಳೆತದಿಂದ ಏರುವ ನೀರಿನದು. ಬಿರುಗಾಳಿ ಅದರ ಮೇಲೆ ತನ್ನ ಪಾಲನ್ನು ಬೇರೆಯಾಗಿಯೇ ಸೇರಿಸುತ್ತದೆ. ಜಾಗ ಕೊಳ್ಳುವವರು ಎಡವುವುದು ಇಲ್ಲಿಯೇ.

ನಮ್ಮ ಕರಾವಳಿಯ ಉಬ್ಬರವೇನೂ ದೊಡ್ಡದಲ್ಲ. ಗುಜರಾತಿನ ಭಾವನಗರದ ಬಳಿ ಉಬ್ಬರ ಮತ್ತು ಇಳಿತದ ನಡುವಿನ ಅಂತರ 10 ಮೀಟರನ್ನೂ ಮೀರುವುದುಂಟು. ಮಂಗಳೂರಿನಲ್ಲಿ ದೊಡ್ಡ ಉಬ್ಬರದ ದಿನಗಳಲ್ಲಿಯೂ ಅದು ಹೆಚ್ಚುಕಡಿಮೆ ಒಂದೂವರೆ ಮೀಟರ್. ಬಿರುಗಾಳಿಯ ದಿನ ಈ ಲೆಕ್ಕಕ್ಕೆ ಮೊದಲು ಸೇರುವುದು ವಾಯುಭಾರ. ಗಾಳಿಯ ಒತ್ತಡ ಒಂದು ಹೆಕ್ಟೋಪಾಸ್ಕಲ್ ಇಳಿದರೆ ಕಡಲಿನ ಮಟ್ಟ ಸುಮಾರು ಒಂದು ಸೆಂಟಿಮೀಟರ್ ಏರುತ್ತದೆ. 50 ಹೆಕ್ಟೋಪಾಸ್ಕಲ್ ಇಳಿದ ಚಂಡಮಾರುತದ ನಡುವಿನಲ್ಲಿ ಅರ್ಧ ಮೀಟರ್ ನೀರು ಹೀಗೆಯೇ ಉಬ್ಬಿರುತ್ತದೆ. ಎರಡನೆಯದು ದಡದ ಕಡೆಗೆ ಒಂದೇ ಸಮನೆ ಬೀಸುವ ಗಾಳಿ ತಳ್ಳಿ ತಂದು ರಾಶಿ ಹಾಕುವ ನೀರು. ಕಡಲು ಆಳವಿಲ್ಲದಷ್ಟೂ ಈ ರಾಶಿ ಎತ್ತರವಾಗುತ್ತದೆ. ಬಂಗಾಳ ಕೊಲ್ಲಿಯ ಉತ್ತರ ಭಾಗ ಆಳ ಕಡಿಮೆಯಾಗಿ, ಆಲಿಕೆಯಂತೆ ಕಿರಿದಾಗುತ್ತ ಹೋಗುವುದರಿಂದಲೇ ಅಲ್ಲಿ ನೀರು ಹಲವು ಮೀಟರ್ ಏರಿ ಒಳನುಗ್ಗುತ್ತದೆ.

ಮೂರನೆಯದು ಅಲೆ, ನಮ್ಮ ಕಡೆ ಹೆಚ್ಚು ಹಾನಿ ಮಾಡುವುದೂ ಅದೇ. ಅಲೆಯೊಂದು ತನ್ನ ಕೆಳಗಿನ ನೀರಿನ ಆಳದ ಹೆಚ್ಚುಕಡಿಮೆ ಶೇ. 80ರಷ್ಟು ಎತ್ತರಕ್ಕೆ ಬಂದಾಗ ಒಡೆಯುತ್ತದೆ. ತಡೆಗೋಡೆಯ ಬುಡದಲ್ಲಿ ಒಂದು ಮೀಟರ್ ನೀರಿದ್ದರೆ ಸುಮಾರು 80 ಸೆಂಟಿಮೀಟರಿಗಿಂತ ಎತ್ತರದ ಅಲೆ ಅಲ್ಲಿಯವರೆಗೆ ಬರುವ ಮೊದಲೇ ಒಡೆದು ಸೊರಗುತ್ತದೆ. ಅದೇ ಬುಡದಲ್ಲಿ ಎರಡು ಮೀಟರ್ ನೀರು ನಿಂತಿತೆನ್ನಿ, ಇಮ್ಮಡಿ ಎತ್ತರದ ಅಲೆ ಒಡೆಯದೆ ಬಂದು ಅಪ್ಪಳಿಸುತ್ತದೆ. ಅಲೆಯ ಶಕ್ತಿ ಎತ್ತರದ ವರ್ಗಕ್ಕೆ ಅನುಗುಣವಾದ್ದರಿಂದ ಹೊಡೆತ ನಾಲ್ಕು ಪಟ್ಟಾಗುತ್ತದೆ. ಏರಿದ ನೀರು ತಾನಾಗಿ ಗೋಡೆ ಕೆಡವುವುದು ಅಪರೂಪ, ಕೆಡವಬಲ್ಲ ಅಲೆಯನ್ನು ಅದು ಹೊತ್ತು ತರುತ್ತದೆ.

ಹೀಗಾಗಿ ಚಂಡಮಾರುತದ ಸುದ್ದಿ ಬಂದಾಗ ಗಾಳಿಯ ವೇಗದ ಜೊತೆಗೆ ನಾನು ಗೋಡೆಯ ಕ್ಯಾಲೆಂಡರಿನಲ್ಲಿ ತಿಥಿಯನ್ನೂ ನೋಡುತ್ತೇನೆ. ದೊಡ್ಡ ಉಬ್ಬರ ಬರುವುದು ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ, ಚಂದ್ರ ಭೂಮಿಗೆ ಹತ್ತಿರವಿದ್ದರೆ ಅದು ಇನ್ನೂ ದೊಡ್ಡದು. 2021ರ ಮೇ ತಿಂಗಳು ಇದಕ್ಕೆ ಒಳ್ಳೆಯ ಉದಾಹರಣೆ. ಆ ವರ್ಷ ತೌಕ್ತೆ ಚಂಡಮಾರುತ ನಮ್ಮ ಕರಾವಳಿಯ ಆಚೆ ಹಾದುಹೋದದ್ದು ಮೇ 15ರ ಆಸುಪಾಸಿನಲ್ಲಿ. ಅಮಾವಾಸ್ಯೆ 11ಕ್ಕೇ ಮುಗಿದಿತ್ತು, ಅದೂ ಚಂದ್ರ ಭೂಮಿಯಿಂದ ಅತಿ ದೂರದಲ್ಲಿದ್ದ ಅಮಾವಾಸ್ಯೆ. ಕರಾವಳಿಯ ಹಲವೆಡೆ ಮನೆ, ರಸ್ತೆಗಳಿಗೆ ಹಾನಿಯಾಯಿತು ನಿಜ, ಆದರೆ ಆ ಅಲೆಗಳು ಸವಾರಿ ಮಾಡಿದ್ದು ತಗ್ಗುತ್ತಿದ್ದ ಉಬ್ಬರದ ಮೇಲೆ. ಅದೇ ತಿಂಗಳ 26ರಂದು ಯಾಸ್ ಎಂಬ, ಗಾಳಿಯಲ್ಲಿ ತೌಕ್ತೆಗಿಂತ ದುರ್ಬಲವಾದ ಚಂಡಮಾರುತ ಒಡಿಶಾದ ಉತ್ತರ ತೀರವನ್ನು ಮುಟ್ಟಿತು. ಅಂದು ಹುಣ್ಣಿಮೆ, ಚಂದ್ರಗ್ರಹಣ, ಜೊತೆಗೆ ಚಂದ್ರ ಭೂಮಿಗೆ ಅತಿ ಸಮೀಪ ಬಂದಿದ್ದ ದಿನ. ಪಶ್ಚಿಮ ಬಂಗಾಳದ ದೀಘಾದ ಬೀದಿಗಳಿಗೂ ಸುಂದರಬನದ ಊರುಗಳಿಗೂ ಕಡಲು ನುಗ್ಗಿತು. ತೌಕ್ತೆ ಅಂಥ ದಿನ ನೋಡಿಕೊಂಡು ಬಂದಿದ್ದರೆ ಮಂಗಳೂರಿನ ಪಕ್ಕದ ಉಳ್ಳಾಲದ ಕಥೆ ಏನಾಗುತ್ತಿತ್ತು ಎಂಬುದನ್ನು ಲೆಕ್ಕ ಹಾಕುವುದು ಕಷ್ಟವಲ್ಲ, ಹಿತವೂ ಅಲ್ಲ.

ಬಿರುಗಾಳಿಯೇ ಇಲ್ಲದೆ ಕಡಲು ಏರುವುದೂ ಉಂಟು. ದಕ್ಷಿಣ ಹಿಂದೂ ಮಹಾಸಾಗರದಲ್ಲಿ ಎದ್ದ ಉದ್ದನೆಯ ಅಲೆಗಳು ದಿನಗಟ್ಟಲೆ ಸಾಗಿ, ಆಕಾಶ ತಿಳಿಯಾಗಿರುವ ಹೊತ್ತಿನಲ್ಲಿ ದಡಕ್ಕೇರುತ್ತವೆ. ಕೇರಳದವರು ಇದನ್ನು ಕಳ್ಳಕ್ಕಡಲ್, ಅಂದರೆ ಕಳ್ಳನಂತೆ ಬರುವ ಕಡಲು, ಎನ್ನುತ್ತಾರೆ. ಕಡಲಿನ ಮಾಹಿತಿ ನೀಡುವ ಹೈದರಾಬಾದಿನ ಇನ್ಕಾಯಿಸ್ ಸಂಸ್ಥೆ ಇದಕ್ಕೂ ಮುನ್ನೆಚ್ಚರಿಕೆ ನೀಡುತ್ತದೆ.

ಜಾಗ ಅಳಿವೆಯ, ಅಂದರೆ ನದಿ ಕಡಲು ಸೇರುವ ಕಡೆಯ, ಹತ್ತಿರವಿದ್ದರೆ ಲೆಕ್ಕಕ್ಕೆ ನಮ್ಮ ಮಳೆಯೂ ಸೇರುತ್ತದೆ. ಮೂಡಿಗೆರೆ ತಾಲ್ಲೂಕಿನಲ್ಲಿ ಬೆಟ್ಟದ ಸಾಲಿನ ಮೂಡಲಿಗೆ ಬಿದ್ದ ಮಳೆ ಹೇಮಾವತಿಯಾಗಿ ಕಾವೇರಿಯನ್ನು ಕೂಡಿಕೊಂಡರೆ, ಪಡುವಲಿಗೆ ಬಿದ್ದದ್ದು ನೇತ್ರಾವತಿಗೆ ಇಳಿಯುತ್ತದೆ. ತೋಟದಲ್ಲಿ ದಿನದಿನದ ಮಳೆಯನ್ನು ಇಂಚುಗಳಲ್ಲಿ ಬರೆದಿಡುವ ಬೆಳೆಗಾರರಿಗೆ ನಾನು ಹೇಳುವುದು ಇಷ್ಟೇ: ನಿಮ್ಮ ಪುಸ್ತಕದಲ್ಲಿ ಹತ್ತು ಇಂಚು ಎಂದು ದಾಖಲಾದ ದಿನದ ನೀರು ಅಳಿವೆ ಸೇರುವ ಹೊತ್ತಿಗೆ ಕಡಲು ಉಬ್ಬರದಲ್ಲಿದ್ದರೆ, ನದಿಗೆ ಬಾಗಿಲು ತೆರೆದಿರುವುದಿಲ್ಲ. ಅದು ಹಿಂದಕ್ಕೆ ಒತ್ತಿಕೊಂಡು ಆಚೀಚೆಯ ತಗ್ಗಿನ ಗದ್ದೆ, ತೋಟಗಳಿಗೆ ಹರಡುತ್ತದೆ.

ನಕ್ಷೆಯಲ್ಲಿ ಮತ್ತೊಂದು ತಪ್ಪು ನನಗೆ ಪದೇ ಪದೇ ಕಾಣಸಿಗುತ್ತದೆ. ಸಕಲೇಶಪುರದ ರೈಲು ನಿಲ್ದಾಣದ ಹಳದಿ ಫಲಕದಲ್ಲಿರುವ ಎತ್ತರ ಸರಾಸರಿ ಸಮುದ್ರಮಟ್ಟದಿಂದ ಅಳೆದದ್ದು. ಭೂಮಾಪನದ ಮಟ್ಟಗಳೂ ಸಾಮಾನ್ಯವಾಗಿ ಹಾಗೆಯೇ. ಉಬ್ಬರವಿಳಿತದ ಪಟ್ಟಿಯ ಅಂಕಿಗಳು ಮಾತ್ರ ಹಡಗಿನವರ ಅನುಕೂಲಕ್ಕಾಗಿ ಅತಿ ತಗ್ಗಿನ ಇಳಿತದ ಮಟ್ಟದಿಂದ ಎಣಿಸಿದವು. ಮಂಗಳೂರಿನಲ್ಲಿ ಈ ಎರಡು ಸೊನ್ನೆಗಳ ನಡುವೆ ಸುಮಾರು ಒಂದು ಮೀಟರ್ ವ್ಯತ್ಯಾಸವಿದೆ. ಒಂದರ ಅಂಕಿಯನ್ನು ಇನ್ನೊಂದರ ಮೇಲೆ ಹಾಗೆಯೇ ಇಟ್ಟರೆ ಲೆಕ್ಕ ಒಂದು ಮೀಟರ್ ತಪ್ಪುತ್ತದೆ, ಒಂದು ಮೀಟರ್ ಎಂದರೆ ಏನೆಂಬುದನ್ನು ಅಲೆಯ ಲೆಕ್ಕದಲ್ಲಿ ಆಗಲೇ ನೋಡಿದೆವು.

ನನ್ನ ಬಳಿ ಬಂದಿದ್ದ ಬೆಳೆಗಾರರ ನಕ್ಷೆಯಲ್ಲಿ ಈ ತಪ್ಪು ಇರಲಿಲ್ಲ. ಆದರೆ ಕೋಣೆಗಳಿಂದ ಕಡಲು ಕಾಣಬೇಕೆಂದು ಮುಂದಿನ ಮರಳು ದಿಬ್ಬವನ್ನು ಸಮ ಮಾಡಿ, ಅಲ್ಲಿ ಕಲ್ಲಿನ ತಡೆಗೋಡೆ ಕಟ್ಟುವ ಯೋಜನೆಯಿತ್ತು. ಮಳೆಗಾಲದ ಅಲೆಗಳು ತೀರದ ಮರಳನ್ನು ಕಡಲೊಳಗೆ ಎಳೆದೊಯ್ದು, ಮಳೆ ನಿಂತ ಮೇಲೆ ಮೆಲ್ಲಗೆ ಮರಳಿ ತಂದು ಹಾಕುತ್ತವೆ. ಬಿರುಗಾಳಿ ಹೆಚ್ಚು ಮರಳು ಕೇಳಿದ ವರ್ಷ ಅದನ್ನು ಸಾಲವಾಗಿ ಕೊಡುವುದು ದಿಬ್ಬ. ನೆಟ್ಟಗಿನ ಗೋಡೆಗೆ ಬಡಿದ ಅಲೆಯಾದರೋ ಹಿಮ್ಮರಳುವಾಗ ಬುಡದ ಮರಳನ್ನೇ ಕೆದಕುತ್ತದೆ, ಗೋಡೆ ಮುಗಿಯುವಲ್ಲಿ ಪಕ್ಕದವರ ದಡವನ್ನು ಕೊರೆಯುತ್ತದೆ. ಹಾಗಾಗಿ ದಿಬ್ಬವನ್ನು ಮುಟ್ಟದೆ, ಕಟ್ಟಡವನ್ನು ಅದರ ಹಿಂದಕ್ಕೆ ಸರಿಸಿ, ಕಂಬಗಳ ಮೇಲೆ ನೆಲ ಎತ್ತರಿಸಿ ಎರಡನೆಯ ನಕ್ಷೆ ಬರೆದುಕೊಟ್ಟೆ. ಅದರಲ್ಲಿ ಕೋಣೆಗಳು ಎಂಟರಿಂದ ಐದಕ್ಕೆ ಇಳಿದಿವೆ, ಕಡಲು ಕಾಣುವುದು ಎರಡರಿಂದ ಮಾತ್ರ. ಮನೆಯಲ್ಲಿ ಕೇಳಿ ಹೇಳುತ್ತೇನೆ ಎಂದು ನಕ್ಷೆ ಸುತ್ತಿಕೊಂಡು ಹೋದವರಿಂದ ಇನ್ನೂ ಉತ್ತರ ಬಂದಿಲ್ಲ.