ಬ್ಯಾರಿ ಬಾಂಡ್ಸ್ ದಾಖಲೆಯನ್ನು ಅಭಿಮಾನಿಗಳು ಏಕೆ ಒಪ್ಪಿಕೊಳ್ಳುತ್ತಿಲ್ಲ?

ಪ್ರಶ್ನೆ: ಉದ್ದೀಪನ ಮದ್ದು ತೆಗೆದುಕೊಂಡ ಮಾತ್ರಕ್ಕೆ ಯಾರಿಗೂ ಬ್ಯಾಟ್ ಬೀಸಲು ಬರುವುದಿಲ್ಲ. ವೇಗವಾಗಿ ನುಗ್ಗಿ ಬರುವ ಚೆಂಡನ್ನು ಗುರುತಿಸಿ ಹೊಡೆಯುವ ಕೌಶಲ ಆಟಗಾರನದ್ದೇ ಅಲ್ಲವೇ? ಹಾಗಿದ್ದರೂ ಮದ್ದು ಬಳಸಿ ದಾಖಲೆ ಮಾಡಿದರೆಂಬ ಆರೋಪ ಹೊತ್ತ ಬ್ಯಾರಿ ಬಾಂಡ್ಸ್, ಮಾರ್ಕ್ ಮೆಗ್ವೈರ್ ಅವರ ಹೆಸರೆತ್ತಿದರೆ ಅಮೆರಿಕದ ಬೇಸ್‌ಬಾಲ್ ಅಭಿಮಾನಿಗಳು ಇಂದಿಗೂ ನೊಂದುಕೊಳ್ಳುವುದೇಕೆ?

ಉತ್ತರ: ಕೌಶಲ ಆಟಗಾರನದ್ದೇ ಎಂಬ ಮಾತು ನಿಜ. ಬಾಂಡ್ಸ್ ಅವರ ಮೇಲೆ ಸಂಶಯ ಮೂಡುವುದಕ್ಕೆ ಬಹಳ ಮೊದಲೇ, 1990, 1992 ಮತ್ತು 1993ರಲ್ಲಿ, ಅವರು ಅಮೆರಿಕದ ಎರಡು ಪ್ರಮುಖ ಲೀಗ್‌ಗಳಲ್ಲೊಂದಾದ ನ್ಯಾಷನಲ್ ಲೀಗಿನ ಅತ್ಯಮೂಲ್ಯ ಆಟಗಾರ ಎಂಬ ಪ್ರಶಸ್ತಿಯನ್ನು ಪಡೆದಿದ್ದರು. ಆದರೆ ಹೋಮ್ ರನ್ ಎಂಬುದು ಕೆಲವೇ ಅಡಿಗಳ ಅಂತರದಲ್ಲಿ ತೀರ್ಮಾನವಾಗುವ ಹೊಡೆತ. ಬೇಲಿಯ ಬಳಿ ಕ್ಯಾಚ್ ಆಗಿ ಮುಗಿಯಬೇಕಾದ ಚೆಂಡು ಸ್ವಲ್ಪ ಹೆಚ್ಚು ವೇಗ ಪಡೆದರೆ ಬೇಲಿಯಾಚೆ ಬೀಳುತ್ತದೆ. ಬ್ಯಾಟಿನಿಂದ ಹೊರಡುವ ಚೆಂಡಿನ ವೇಗ ಶೇಕಡಾ ಕೆಲವೇ ಅಂಶ ಹೆಚ್ಚಿದರೂ ಹೋಮ್ ರನ್‌ಗಳ ಸಂಖ್ಯೆ ಅರ್ಧದಷ್ಟಾದರೂ ಏರಬಲ್ಲದು ಎಂದು ಟಫ್ಟ್ಸ್ ವಿಶ್ವವಿದ್ಯಾಲಯದ ಭೌತವಿಜ್ಞಾನಿ ರೋಜರ್ ಟೋಬಿನ್ ಲೆಕ್ಕ ಹಾಕಿ ತೋರಿಸಿದ್ದಾರೆ. ಅದಲ್ಲದೆ, ಆರು ತಿಂಗಳಲ್ಲಿ 162 ಪಂದ್ಯಗಳನ್ನಾಡುವ ದೇಹವು ದಣಿವಿನಿಂದ ಬೇಗ ಚೇತರಿಸಿಕೊಳ್ಳಲು ಸ್ಟೀರಾಯ್ಡ್ ನೆರವಾಗುತ್ತದೆ. 2001ಕ್ಕೆ ಮೊದಲು ಯಾವ ಋತುವಿನಲ್ಲಿಯೂ 49ಕ್ಕಿಂತ ಹೆಚ್ಚು ಹೋಮ್ ರನ್ ಹೊಡೆಯದಿದ್ದ ಬಾಂಡ್ಸ್, ಆ ವರ್ಷ ತಮ್ಮ 37ನೆಯ ವಯಸ್ಸಿನಲ್ಲಿ 73 ಹೊಡೆದು ದಾಖಲೆ ಮಾಡಿದರು. ಸ್ಟೀರಾಯ್ಡ್ ಎಂದು ತಿಳಿದು ತಾವು ಏನನ್ನೂ ಬಳಸಲಿಲ್ಲ ಎಂದೇ ಅವರು ಹೇಳಿದ್ದಾರೆ. ಕ್ರೀಡಾಪಟುಗಳಿಗೆ ಮದ್ದು ಒದಗಿಸಿದ ಬಾಲ್ಕೋ ಎಂಬ ಪ್ರಯೋಗಾಲಯದ ಹಗರಣಕ್ಕೆ ಸಂಬಂಧಿಸಿದ ಮೊಕದ್ದಮೆಯಲ್ಲಿ ಅವರ ಮೇಲೆ ಉಳಿದಿದ್ದ ಒಂದೇ ಒಂದು ಅಪರಾಧ ನಿರ್ಣಯವನ್ನೂ ಮೇಲ್ಮನವಿ ನ್ಯಾಯಾಲಯ 2015ರಲ್ಲಿ ರದ್ದುಮಾಡಿತು.

ಆದರೂ ನೋವು ಉಳಿದಿದೆ, ಏಕೆಂದರೆ ಬೇಸ್‌ಬಾಲಿನಲ್ಲಿ ಅಂಕಿಗಳಿಗಿರುವ ಸ್ಥಾನವೇ ಬೇರೆ. 99.94 ಎಂದೊಡನೆ ಬ್ರಾಡ್ಮನ್ ಎನ್ನುವ ನಮ್ಮ ಕ್ರಿಕೆಟ್ ಪ್ರೇಮಿಗಳಂತೆ, ಅಲ್ಲಿನ ಹುಡುಗರು 1927ರಲ್ಲಿ ಬೇಬ್ ರೂತ್ ಹೊಡೆದ 60, 1961ರಲ್ಲಿ ರೋಜರ್ ಮಾರಿಸ್ ಹೊಡೆದ 61, ಹ್ಯಾಂಕ್ ಆರನ್ ಅವರ ಒಟ್ಟು 755 ಎಂಬ ಸಂಖ್ಯೆಗಳನ್ನು ಅಪ್ಪ, ಅಜ್ಜಂದಿರಿಂದ ಕೇಳಿಯೇ ಬೆಳೆಯುತ್ತಾರೆ. ತಾನು ಕಂಡ ಆಟಗಾರನನ್ನು ತನ್ನ ಅಜ್ಜ ಕಂಡ ಆಟಗಾರನೊಡನೆ ಒಂದೇ ತಕ್ಕಡಿಯಲ್ಲಿ ತೂಗಬಹುದು ಎಂಬ ನಂಬಿಕೆ ಈ ಆಟದ ಅಭಿಮಾನಕ್ಕೆ ಬುನಾದಿಯಾಗಿತ್ತು.

ಆ ನಂಬಿಕೆಗೆ ಬಿದ್ದ ಪೆಟ್ಟು ಎಷ್ಟು ಆಳವಾದುದೆಂದು ತಿಳಿಯಲು 1998ರ ಬೇಸಿಗೆಯನ್ನು ನೋಡಬೇಕು. 1994ರ ಆಗಸ್ಟಿನಲ್ಲಿ ಆಟಗಾರರು ಮುಷ್ಕರ ಹೂಡಿದ್ದರಿಂದ ಆ ವರ್ಷ ಋತುವಿನ ಕೊನೆಯ ಪ್ರಶಸ್ತಿ ಸರಣಿಯಾದ ವರ್ಲ್ಡ್ ಸೀರೀಸ್ ನಡೆಯಲೇ ಇಲ್ಲ. 90 ವರ್ಷಗಳಲ್ಲಿ ಹಾಗಾದದ್ದು ಅದೇ ಮೊದಲು, ಮುನಿಸಿಕೊಂಡ ಎಷ್ಟೋ ಜನ ಕ್ರೀಡಾಂಗಣದ ಕಡೆ ತಲೆಹಾಕುವುದನ್ನೇ ಬಿಟ್ಟಿದ್ದರು. ಅವರನ್ನು ಮತ್ತೆ ಕರೆತಂದದ್ದು ಸೇಂಟ್ ಲೂಯಿಸ್ ತಂಡದ ಮೆಗ್ವೈರ್ ಮತ್ತು ಷಿಕಾಗೋ ಕಬ್ಸ್ ತಂಡದ ಸ್ಯಾಮಿ ಸೋಸಾ ನಡುವಿನ ಹೋಮ್ ರನ್ ಪೈಪೋಟಿ. ಸೆಪ್ಟೆಂಬರ್ 8ರಂದು 62ನೆಯದನ್ನು ಹೊಡೆದ ಮೆಗ್ವೈರ್, ಪ್ರೇಕ್ಷಕರ ನಡುವೆ ಕುಳಿತಿದ್ದ ಮಾರಿಸ್ ಅವರ ಮಕ್ಕಳ ಬಳಿಗೆ ಹೋಗಿ ಅವರನ್ನು ಅಪ್ಪಿಕೊಂಡರು. ಋತು ಮುಗಿದಾಗ ಅವರದು 70, ಸೋಸಾ ಅವರದು 66. 2010ರ ಜನವರಿಯಲ್ಲಿ, ಆ ಋತುವಿನಲ್ಲಿಯೂ ಸೇರಿದಂತೆ ವರ್ಷಗಳ ಕಾಲ ಸ್ಟೀರಾಯ್ಡ್ ಬಳಸಿದ್ದನ್ನು ಮೆಗ್ವೈರ್ ಒಪ್ಪಿಕೊಂಡು, ಮಾರಿಸ್ ಅವರ ಪತ್ನಿಗೆ ಫೋನ್ ಮಾಡಿ ಕ್ಷಮೆ ಕೇಳಿದರು. ಗಾಯಗಳಿಂದ ಚೇತರಿಸಿಕೊಳ್ಳಲು ಬಳಸಿದೆನೇ ಹೊರತು ಹೋಮ್ ರನ್‌ಗಳಿಗೂ ಅದಕ್ಕೂ ಸಂಬಂಧವಿಲ್ಲ ಎಂದೂ ಅವರು ಹೇಳಿದ್ದರಿಂದ, ಆ ಕ್ಷಮೆಯನ್ನು ಮನಸಾರೆ ಸ್ವೀಕರಿಸಲು ಅನೇಕರಿಗೆ ಆಗಲಿಲ್ಲ. ಹನ್ನೆರಡು ವರ್ಷ ಎದೆಯಲ್ಲಿಟ್ಟುಕೊಂಡಿದ್ದ ಸಂತೋಷವೊಂದು ಹೀಗೆ ಹಿಂದಿನಿಂದ ಕಸಿದುಹೋದಾಗ ಆಗುವ ಸಂಕಟ, ತಂಡ ಸೋತಾಗ ಆಗುವ ಬೇಸರದಂತೆ ಮುಂದಿನ ಪಂದ್ಯಕ್ಕೆ ಮರೆಯಾಗುವಂಥದ್ದಲ್ಲ.

ಇಷ್ಟಾಗಿಯೂ ಆಟಗಾರರನ್ನು ಮಾತ್ರ ದೂರುವುದು ನನ್ನ ದೃಷ್ಟಿಯಲ್ಲಿ ಅನ್ಯಾಯ. ಸ್ಟೀರಾಯ್ಡ್ ನಿಷಿದ್ಧವೆಂದು ಬೇಸ್‌ಬಾಲ್ ಆಡಳಿತದ ಮುಖ್ಯಸ್ಥರಾದ ಆಗಿನ ಕಮಿಷನರ್ ಫೇ ವಿನ್ಸೆಂಟ್ 1991ರಲ್ಲೇ ತಂಡಗಳಿಗೆ ಸುತ್ತೋಲೆ ಕಳುಹಿಸಿದ್ದರು, ಆದರೆ ಅದನ್ನು ಪರೀಕ್ಷಿಸುವ ವ್ಯವಸ್ಥೆಯೇ ಇರಲಿಲ್ಲ. 1998ರಲ್ಲಿ ಮೆಗ್ವೈರ್ ಅವರ ಲಾಕರಿನಲ್ಲಿ ಆಂಡ್ರೊಸ್ಟೀನ್‌ಡಯೋನ್ ಎಂಬ, ಸ್ನಾಯು ಬೆಳೆಸಲು ಬಳಸುವ ಮದ್ದಿನ ಸೀಸೆಯನ್ನು ಪತ್ರಕರ್ತರೊಬ್ಬರು ಕಂಡು ವರದಿ ಮಾಡಿದರು. ಒಲಿಂಪಿಕ್ಸ್‌ನಲ್ಲಿ ಆಗಲೇ ನಿಷೇಧವಾಗಿದ್ದ ಆ ವಸ್ತುವಿಗೆ ಬೇಸ್‌ಬಾಲಿನಲ್ಲಿ ನಿಷೇಧವಿರಲಿಲ್ಲ. ಬೈಗುಳ ಬಿದ್ದದ್ದು ವರದಿ ಮಾಡಿದವರಿಗೇ. 2003ರಲ್ಲಿ ಹೆಸರು ಗೋಪ್ಯವಾಗಿಟ್ಟು ನಡೆಸಿದ ಪರೀಕ್ಷೆಯಲ್ಲಿ ಶೇಕಡಾ 5ಕ್ಕಿಂತ ಹೆಚ್ಚು ಮಾದರಿಗಳಲ್ಲಿ ಮದ್ದು ಪತ್ತೆಯಾದ ಮೇಲಷ್ಟೇ ಕಡ್ಡಾಯ ಪರೀಕ್ಷೆ ಬಂದಿತು. 2007ರ ಡಿಸೆಂಬರಿನಲ್ಲಿ ಹೊರಬಿದ್ದ, ಬೇಸ್‌ಬಾಲಿನಲ್ಲಿ ಮದ್ದಿನ ಬಳಕೆಯನ್ನು ತನಿಖೆ ಮಾಡಿದ ಮಿಚೆಲ್ ವರದಿ 89 ಆಟಗಾರರನ್ನು ಹೆಸರಿಸಿತು. ತುಂಬಿದ ಕ್ರೀಡಾಂಗಣಗಳಿಂದ ಆ ವರ್ಷಗಳುದ್ದಕ್ಕೂ ಲಾಭ ಪಡೆದವರು ತಂಡಗಳ ಮಾಲೀಕರು. ಆ ಕಾಲದ ಕಮಿಷನರ್ ಬಡ್ ಸೆಲಿಗ್ 2017ರಲ್ಲಿ ಆಟದ ಶ್ರೇಷ್ಠರನ್ನು ಗೌರವಿಸುವ ಹಾಲ್ ಆಫ್ ಫೇಮ್ ಪ್ರವೇಶಿಸಿದರೆ, ಬಾಂಡ್ಸ್ ಅದಕ್ಕಾಗಿ ಬೇಸ್‌ಬಾಲ್ ಬರಹಗಾರರು ನಡೆಸುವ ಮತದಾನದಲ್ಲಿ ತಮ್ಮ ಹತ್ತನೆಯ ಹಾಗೂ ಕೊನೆಯ ವರ್ಷವಾದ 2022ರಲ್ಲಿಯೂ ಬೇಕಾದ ಶೇಕಡಾ 75ರ ಬದಲು ಶೇಕಡಾ 66 ಮತಗಳಿಗೆ ನಿಂತುಬಿಟ್ಟರು. ಈ ವ್ಯತ್ಯಾಸಕ್ಕೆ ಸಮಾಧಾನಕರವಾದ ಉತ್ತರ ನನಗೆ ಎಲ್ಲಿಯೂ ಸಿಕ್ಕಿಲ್ಲ.

ನಿಜವಾದ ನಷ್ಟ ಯಾರಿಗಾಯಿತು ಎಂದು ಕೇಳಿದರೆ ನನಗೆ ಮೊದಲು ನೆನಪಾಗುವುದು ಫ್ರೆಡ್ ಮೆಗ್ರಿಫ್. ಮದ್ದಿನ ಆರೋಪ ಅಂಟದೆ 493 ಹೋಮ್ ರನ್ ಹೊಡೆದ ಅವರ ಸಾಧನೆ, ಒಂದೇ ಋತುವಿನಲ್ಲಿ 60, 70 ಹೊಡೆಯುವವರ ನಡುವೆ ಸಾಧಾರಣವೆಂಬಂತೆ ಕಂಡಿತು. ಬರಹಗಾರರ ಮತದಾನದಲ್ಲಿ ಹತ್ತು ವರ್ಷ ಸ್ಪರ್ಧೆಯಲ್ಲಿದ್ದರೂ ಅವರಿಗೆ ಒಮ್ಮೆಯೂ ಶೇಕಡಾ 40 ಮತಗಳು ಬೀಳಲಿಲ್ಲ. ಕೊನೆಗೆ 2022ರ ಡಿಸೆಂಬರಿನಲ್ಲಿ ಸಮಿತಿಯೊಂದು ಅವರನ್ನು ಸರ್ವಾನುಮತದಿಂದ ಆರಿಸಿತು.

ಅಧಿಕೃತ ಪುಸ್ತಕದಲ್ಲಿ ಬಾಂಡ್ಸ್ ಅವರ 73 ಮತ್ತು ಒಟ್ಟು 762 ಯಾವ ಟಿಪ್ಪಣಿಯೂ ಇಲ್ಲದೆ ನಿಂತಿವೆ. ಆದರೆ 2007ರಲ್ಲಿ ಆರನ್ ಅವರನ್ನು ಹಿಂದಿಕ್ಕಿದ 756ನೆಯ ಹೊಡೆತದ ಚೆಂಡನ್ನು ಕೊಂಡ ಮಾರ್ಕ್ ಎಕೊ, ಅದನ್ನು ಏನು ಮಾಡಬೇಕೆಂದು ಜನರನ್ನೇ ಕೇಳಿ, ಅವರ ಮತದಂತೆ ಅದರ ಮೇಲೆ, ದಾಖಲೆ ಪ್ರಶ್ನಾರ್ಹ ಎಂದು ಸೂಚಿಸುವ ನಕ್ಷತ್ರ ಚಿಹ್ನೆ ಕೊರೆಸಿ ಕೂಪರ್ಸ್‌ಟೌನಿನ ಹಾಲ್ ಆಫ್ ಫೇಮ್‌ಗೆ ಕೊಟ್ಟರು. 2022ರಲ್ಲಿ ನ್ಯೂಯಾರ್ಕ್ ಯಾಂಕೀಸ್ ತಂಡದ ಆರನ್ ಜಡ್ಜ್ 62 ಹೊಡೆದಾಗ, ಪುಸ್ತಕದ ಪ್ರಕಾರ ಅದು ಅಮೆರಿಕನ್ ಲೀಗಿನ ದಾಖಲೆ ಮಾತ್ರವಾಗಿದ್ದರೂ, ಮಾರಿಸ್ ಅವರ 61ನ್ನು ನಿಜವಾಗಿ ದಾಟಿದವರು ಇವರೇ ಎಂದು ಬಹಳಷ್ಟು ಅಭಿಮಾನಿಗಳು ಎಣಿಸಿದರು.