ತಲೆ ತಗ್ಗಿಸುವ ಎಸಿ ವೆಂಟು: ಹೊಸದೇ ತರಿಸಬೇಕೇ?

ಓದುಗರ ಪ್ರಶ್ನೆ: ನಮ್ಮ ಮಾವ ಸಿಂಗಾಪುರದಿಂದ ಮರಳುವಾಗ ತಂದಿದ್ದ 1991ರ ಮಾಜ್ದಾ ಎಂಎಕ್ಸ್-5 ಕಾರು ಈಗ ನನ್ನ ಬಳಿ ಇದೆ. ಎಂಜಿನ್ ಗಟ್ಟಿಮುಟ್ಟಾಗಿದೆ. ಆದರೆ ಡ್ಯಾಶ್‌ಬೋರ್ಡಿನ ದುಂಡು ಎಸಿ ವೆಂಟುಗಳನ್ನು ಮುಖದ ಕಡೆ ತಿರುಗಿಸಿದರೆ ನಿಲ್ಲುವುದೇ ಇಲ್ಲ. ಖಂಡಾಲಾ ಘಾಟಿ ಹತ್ತುವಷ್ಟರಲ್ಲಿ ನಾಲ್ಕೂ ತಲೆ ತಗ್ಗಿಸಿ ಮಂಡಿಗೆ ಗಾಳಿ ಊದುತ್ತಿರುತ್ತವೆ. ಇಡೀ ಸೆಟ್ಟನ್ನು ಹೊರದೇಶದಿಂದ ತರಿಸಬೇಕು ಎನ್ನುತ್ತಾರೆ ಗ್ಯಾರೇಜಿನವರು. ಬೇರೆ ದಾರಿ ಇಲ್ಲವೇ?
(ಪುಣೆಯ ಔಂಧ್‌ನಿಂದ ಒಬ್ಬ ಓದುಗರು)

ಇದೆ. ಸೆಟ್ ತರಿಸಬೇಡಿ. ಮೂಗಿಗಿಂತ ಮೂಗುತಿ ಭಾರವಾದೀತು. ನಿಮ್ಮ ವೆಂಟು ಮುರಿದಿಲ್ಲ, ಅದರ ಹಿಡಿತ ಹೋಗಿದೆ ಅಷ್ಟೆ. ಆ ಹಿಡಿತವನ್ನು ಮರಳಿ ಕೊಡಲು ಬೇಕಾದದ್ದು ಒಂದೆರಡು ಮಿಲಿಮೀಟರ್ ದಪ್ಪದ ಬಟ್ಟೆಯ ಪಟ್ಟಿ ಮತ್ತು ಒಂದು ಭಾನುವಾರದ ಮಧ್ಯಾಹ್ನ. ಮಧ್ಯಾಹ್ನವೇ ಏಕೆ ಎಂಬುದನ್ನು ಮುಂದೆ ಹೇಳುತ್ತೇನೆ.

ಈ ಕಾರು ಮೊದಲು ಕಾಣಿಸಿಕೊಂಡದ್ದು 1989ರ ಫೆಬ್ರವರಿಯಲ್ಲಿ, ಶಿಕಾಗೋದ ಕಾರು ಪ್ರದರ್ಶನದಲ್ಲಿ. ಹೆಡ್‌ಲೈಟು ರೆಪ್ಪೆ ತೆರೆದಂತೆ ಮೇಲೇಳುವ ಆ ಮೊದಲ ತಲೆಮಾರು 1997ರ ತನಕ ತಯಾರಾಯಿತು. ಅಂದರೆ ಅದರ ಕೊನೆಯ ಕೂಸಿಗೂ ಇಪ್ಪತ್ತೈದು ದಾಟಿದೆ. ಆ ವಯಸ್ಸಿನಲ್ಲಿ ಇದೊಂದು ಕಾರಿಗೆ ಮಾತ್ರ ಬರುವ ಕಾಯಿಲೆಯಲ್ಲ ಇದು. ದುಂಡು ವೆಂಟು ಇರುವ ಯಾವ ಹಳೆಯ ಕಾರಿಗೂ ಬರುತ್ತದೆ.

ಒಳಗೆ ಏನಿದೆ ಅಂದರೆ, ಒಂದು ಪ್ಲಾಸ್ಟಿಕ್ ಗುಂಡು, ಅದು ಕೂತಿರುವ ಒಂದು ಬಟ್ಟಲು, ನಡುವೆ ಒಂದು ತೆಳು ಪಟ್ಟಿ. ಸ್ಪ್ರಿಂಗ್ ಇಲ್ಲ, ಬಿಗಿ ಮಾಡಲು ಸ್ಕ್ರೂ ಇಲ್ಲ. ಊರಲ್ಲಿ ಕೊಡವನ್ನು ಸಿಂಬಿಯ ಮೇಲೆ ಇಡುತ್ತಿದ್ದರಲ್ಲ, ಹಾಗೆ. ಸಿಂಬಿ ಗಟ್ಟಿಯಾಗಿರುವ ತನಕ ಕೊಡವನ್ನು ಯಾವ ಕಡೆ ವಾಲಿಸಿದರೂ ನಿಲ್ಲುತ್ತದೆ. ಸಿಂಬಿ ಚಪ್ಪಟೆಯಾದರೆ ಕೊಡ ಹೊರಳುತ್ತದೆ. ಆಗ ಕೊಡ ಕೆಟ್ಟಿದೆ ಎಂದು ಹೊಸ ಕೊಡ ತರುವವರಿಲ್ಲ.

ಆ ಸಿಂಬಿ ಕೆಲವು ಕಾರುಗಳಲ್ಲಿ ಫೆಲ್ಟ್ (ಉಣ್ಣೆಯಂಥ ಎಳೆಗಳನ್ನು ಒತ್ತಿ ಮಾಡಿದ ಬಟ್ಟೆ), ಕೆಲವದರಲ್ಲಿ ಸ್ಪಂಜು, ಕೆಲವದರಲ್ಲಿ ರಬ್ಬರು. ಫೆಲ್ಟ್ ಉಜ್ಜಿ ಉಜ್ಜಿ ಸವೆಯುತ್ತದೆ. ರಬ್ಬರು ಬಿಸಿಲಿಗೆ ಒಣಗಿ ಬಿರುಸಾಗುತ್ತದೆ. ಸ್ಪಂಜಿನ ಕಥೆ ಬೇರೆ. ಪಾಲಿಯೂರಿಥೇನ್ ಸ್ಪಂಜನ್ನು ಗಾಳಿಯ ತೇವವೇ ನಿಧಾನಕ್ಕೆ ಒಡೆದುಹಾಕುತ್ತದೆ. ಕಪಾಟಿನಲ್ಲಿ ಡಬ್ಬಿ ಸಮೇತ ಜೋಪಾನವಾಗಿಟ್ಟ ಶೂವಿನ ಅಟ್ಟೆ ನಾಲ್ಕೈದು ಮಳೆಗಾಲ ಕಳೆಯುವಷ್ಟರಲ್ಲಿ ಪುಡಿಪುಡಿಯಾಗುವುದನ್ನು ಮುಂಬಯಿಯವರೆಲ್ಲ ಕಂಡಿದ್ದಾರೆ. ಇದೂ ಅದೇ. ಗೋವಾ, ಮುಂಬಯಿಯಲ್ಲಿ ಇದ್ದ ಕಾರಾದರೆ ಪುಣೆಯ ಕಾರಿಗಿಂತ ಮೊದಲೇ ಈ ಗತಿ. ಬ್ಲೋವರ್ ಹಾಕಿದಾಗ ಮುಖಕ್ಕೆ ಕರಿ ಪುಡಿ ಹಾರುತ್ತಿದೆಯೇ ನೋಡಿಕೊಳ್ಳಿ. ಹಾರುತ್ತಿದ್ದರೆ ಒಳಗಿನ ಸಿಂಬಿ ಯಾವುದು ಎಂದು ಬಿಚ್ಚುವ ಮೊದಲೇ ಗೊತ್ತಾಯಿತು.

ಬಿಚ್ಚುವ ಮುಂಚೆ ಇನ್ನೊಂದು ಪರೀಕ್ಷೆ ಮಾಡಿ. ಗುಂಡಿನ ಸುತ್ತ ಕಾಣುವ ಹೊರಗಿನ ಬಳೆಯನ್ನು ಒಂದು ಕೈಯಲ್ಲಿ ಒತ್ತಿ ಹಿಡಿದು ಗುಂಡನ್ನು ಅಲುಗಾಡಿಸಿ. ಗುಂಡು ಮಾತ್ರ ಲೊಡಲೊಡ ಎಂದರೆ ಸಿಂಬಿಯದ್ದೇ ತೊಂದರೆ. ಬಳೆಯೂ ಸೇರಿ ಅಲುಗಾಡಿದರೆ ಅದನ್ನು ಡ್ಯಾಶ್‌ಬೋರ್ಡಿಗೆ ಹಿಡಿದಿಡುವ ಪ್ಲಾಸ್ಟಿಕ್ ಕಿವಿಗಳು ಸವೆದಿವೆ ಅಥವಾ ಮುರಿದಿವೆ. ಎರಡೂ ಗಟ್ಟಿ ಇದ್ದು ಗಾಳಿ ಮಾತ್ರ ಕಡಿಮೆ ಬಂದರೆ ಹಿಂದಿನ ಗಾಳಿಯ ಕೊಳವೆ ಕಳಚಿರಬಹುದು. ಆಗ ತಣ್ಣನೆ ಗಾಳಿ ಡ್ಯಾಶ್‌ಬೋರ್ಡಿನ ಹೊಟ್ಟೆಯೊಳಗೇ ಸೋರುತ್ತದೆ, ಗ್ಲೋವ್ ಬಾಕ್ಸಿನಲ್ಲಿಟ್ಟ ನೀರಿನ ಬಾಟಲಿ ಸುಮ್ಮಸುಮ್ಮನೆ ತಂಪಾಗುತ್ತದೆ. ಈ ಮೂರನ್ನೂ ಒಂದೇ ಎಂದುಕೊಂಡು ಕೆಲಸಕ್ಕಿಳಿದವರು ಎರಡೆರಡು ಸಲ ಬಿಚ್ಚಬೇಕಾಗುತ್ತದೆ. ನಿಮ್ಮ ವಿವರಣೆ ನೋಡಿದರೆ ಮೊದಲನೆಯದೇ.

ಈಗ ಮಧ್ಯಾಹ್ನದ ಮಾತು. ಮೂವತ್ತು ವರ್ಷ ದಾಟಿದ ಪ್ಲಾಸ್ಟಿಕ್ಕು ತಣ್ಣಗಿದ್ದಾಗ ಹಪ್ಪಳದಂತೆ. ಪುಣೆಯ ಜನವರಿ ಬೆಳಿಗ್ಗೆ ಅದಕ್ಕೆ ಕೈ ಹಾಕಿದರೆ ಕಿವಿಗಳು ಟಪ್ ಎಂದು ಮುರಿಯುತ್ತವೆ. ಕಾರನ್ನು ಬಿಸಿಲಲ್ಲಿ ಗಾಜು ಮುಚ್ಚಿ ಅರ್ಧ ಗಂಟೆ ನಿಲ್ಲಿಸಿ, ಆಮೇಲೆ ನೆರಳಿಗೆ ತಂದು ಕೆಲಸ ಶುರು ಮಾಡಿ. ಮಳೆಗಾಲವಾದರೆ ಹೇರ್ ಡ್ರೈಯರ್ ಸಾಕು. ಒಂದೇ ಕಡೆ ಹಿಡಿಯದೆ ಬಳೆಯ ಸುತ್ತ ಆಡಿಸುತ್ತಿರಿ. ಬ್ಯಾಟರಿಯ ನೆಗೆಟಿವ್ ತಂತಿ ಕಳಚಿಟ್ಟುಕೊಳ್ಳಿ. ಆ ಕಾಲದ್ದಾದರೂ ಏರ್‌ಬ್ಯಾಗ್ ಇರುವ ಕಾರಾದರೆ ಇದು ಕಡ್ಡಾಯ, ಮತ್ತು ಏರ್‌ಬ್ಯಾಗಿನ ಮುಚ್ಚಳದ ಹತ್ತಿರ ಯಾವುದನ್ನೂ ಮೀಟಬಾರದು.

ಮೀಟಲು ಕಬ್ಬಿಣದ ಸ್ಕ್ರೂಡ್ರೈವರ್ ಬೇಡ. ಸೈಕಲ್ ಅಂಗಡಿಯಲ್ಲಿ ಟೈರ್ ಬಿಡಿಸುವ ಪ್ಲಾಸ್ಟಿಕ್ ಪಟ್ಟಿ ಸಿಗುತ್ತದೆ, ಅದು ಚೆನ್ನ. ನಾನಂತೂ ಹಳೆಯ ಟೂತ್‌ಬ್ರಷ್ಷಿನ ಹಿಡಿಯನ್ನು ಉಜ್ಜಿ ಚೂಪು ಮಾಡಿಟ್ಟುಕೊಂಡಿದ್ದೇನೆ. ಡ್ಯಾಶ್‌ಬೋರ್ಡಿನ ಅಂಚಿಗೆ ಕಾಗದದ ಟೇಪು ಅಂಟಿಸಿ, ಬಳೆಯ ಒಂದೊಂದೇ ಬದಿಯನ್ನು ಸ್ವಲ್ಪ ಸ್ವಲ್ಪವೇ ಎತ್ತಿ, ಒಳಗಿನ ಕಿವಿಗಳನ್ನು ಸಡಿಲಿಸುತ್ತಾ ನೇರವಾಗಿ ನಿಮ್ಮ ಕಡೆಗೆ ಎಳೆಯಿರಿ. ಓರೆಯಾಗಿ ಎಳೆದರೆ ಒಂದು ಕಿವಿಯ ಮೇಲೇ ಭಾರ ಬೀಳುತ್ತದೆ. ಹೊರಬಂದ ಮೇಲೆ ಗುಂಡನ್ನು ಬಟ್ಟಲಿನಿಂದ ಹೆಬ್ಬೆರಳಲ್ಲಿ ಒತ್ತಿ ಬೇರ್ಪಡಿಸಬಹುದು. ಹಳೆಯ ಸಿಂಬಿಯ ಅಂಟು ಉಳಿದಿದ್ದರೆ ಕೊಬ್ಬರಿ ಎಣ್ಣೆ ಸವರಿ, ಮೆತ್ತಗಾದ ಮೇಲೆ ಉಜ್ಜಿ ತೆಗೆದು, ಸೋಪಿನ ನೀರಲ್ಲಿ ತೊಳೆದು ಒಣಗಿಸಿ. ಥಿನ್ನರ್, ನೈಲ್ ಪಾಲಿಶ್ ತೆಗೆಯುವ ದ್ರವ ಇವುಗಳ ಸಹವಾಸ ಬೇಡ. ಅದರಲ್ಲಿರುವ ಅಸಿಟೋನ್ ಎಬಿಎಸ್ ಪ್ಲಾಸ್ಟಿಕ್ಕನ್ನೇ ಕರಗಿಸುತ್ತದೆ.

ಹೊಸ ಸಿಂಬಿ ಯಾವುದು? ಇಲ್ಲಿ ನನಗೆ ಪಕ್ಷಪಾತವಿದೆ, ಮೊದಲೇ ಹೇಳಿಬಿಡುತ್ತೇನೆ. ಬಹಳ ಮಂದಿ ಓ-ರಿಂಗ್ ಎಂಬ ರಬ್ಬರ್ ಉಂಗುರ ಹಾಕುತ್ತಾರೆ. ಗುಂಡಿನ ಸುತ್ತಳತೆಗೆ ಹೊಂದುವ, ಎರಡೋ ಮೂರೋ ಮಿಲಿಮೀಟರ್ ದಪ್ಪದ ರಿಂಗ್. ಮುಂಬಯಿಯ ನಾಗದೇವಿ ಬೀದಿಯಲ್ಲಿ ಗುಂಡನ್ನೇ ಜೇಬಲ್ಲಿಟ್ಟುಕೊಂಡು ಹೋಗಿ ತೋರಿಸಿದರೆ ಅಂಗಡಿಯವನು ಅಳೆಯದೆಯೇ ನಾಲ್ಕು ರಿಂಗ್ ಎದುರಿಗೆ ಚೆಲ್ಲುತ್ತಾನೆ. ಬಾಳಿಕೆ ಬರುತ್ತದೆ, ಸಂಶಯವಿಲ್ಲ. ಆದರೆ ರಬ್ಬರು ಪ್ಲಾಸ್ಟಿಕ್ಕಿಗೆ ಕಚ್ಚಿಕೊಳ್ಳುತ್ತದೆ. ವೆಂಟು ತಿರುಗಿಸಿದರೆ ಮೊದಲು ಹಠ ಹಿಡಿದು, ಆಮೇಲೆ ತಟ್ಟನೆ ಹಾರಿ ಹೋಗಬೇಕಾದ ಕಡೆಗಿಂತ ಮುಂದೆ ಹೋಗಿ ನಿಲ್ಲುತ್ತದೆ. ಫೆಲ್ಟ್ ಹಾಗಲ್ಲ, ಬೆಣ್ಣೆಯಲ್ಲಿ ತಿರುಗಿದಂತೆ ತಿರುಗಿ ಬಿಟ್ಟಲ್ಲೇ ನಿಲ್ಲುತ್ತದೆ. ನಾನು ಫೆಲ್ಟಿನವನು.

ಫೆಲ್ಟ್ ಸಿಗದಿದ್ದರೆ ಟೈಲರಿಂಗ್ ಸಾಮಾನಿನ ಅಂಗಡಿಯ ವೆಲ್ಕ್ರೋ. ಅದರ ಮುಳ್ಳು ಬದಿಯಲ್ಲ, ಮೆತ್ತನೆ ಬದಿ. ನೈಲಾನ್ ಆದ್ದರಿಂದ ತೇವಕ್ಕೆ ಬೇಗ ಹಾಳಾಗುವುದಿಲ್ಲ, ಕರಾವಳಿಯ ಕಾರಿಗೆ ಇದೇ ಸರಿ. ನಿಮಗಾದರೆ ಪುಣೆಯ ರವಿವಾರ್ ಪೇಠೆಯ ಬೋಹರಿ ಆಳಿಯ ಅಂಗಡಿಗಳೇ ಹತ್ತಿರ, ಅಂಟು, ಟೇಪು ಎಲ್ಲ ಅಲ್ಲೇ ಆದೀತು.

ಬಾಗಿಲ ಸಂದಿಗೆ ಅಂಟಿಸುವ ಸ್ಪಂಜಿನ ಟೇಪು ಮಾತ್ರ ಬೇಡ. ಮೊದಲ ಸಲ ನಾನು ಅದನ್ನೇ ಹಾಕಿದ್ದೆ, ಅಗ್ಗಕ್ಕೆ ಸಿಕ್ಕಿತೆಂದು. ಮಾರನೇ ವರ್ಷ ಮಳೆಗಾಲ ಮುಗಿದ ಮೇಲೆ ಮಾಟುಂಗಾದ ಮೈಸೂರು ಅಸೋಸಿಯೇಷನ್ನಿನಲ್ಲಿ ನಾಟಕಕ್ಕೆ ಹೊರಟಿದ್ದೆವು. ಸಯನ್ ಸಿಗ್ನಲ್ಲಿನಲ್ಲಿ ಬ್ಲೋವರ್ ಜೋರು ಮಾಡಿದೆ. ನನ್ನಾಕೆಯ ಕೆನೆ ಬಣ್ಣದ ಸೀರೆಯ ಮೇಲೆ ಕರಿ ಎಳ್ಳು ಚೆಲ್ಲಿದಂತಾಯಿತು. ಅವಳು ಏನೂ ಹೇಳಲಿಲ್ಲ. ನಾಟಕ ಮುಗಿಯುವ ತನಕವೂ ಹೇಳಲಿಲ್ಲ.

ಪಟ್ಟಿಯ ಉದ್ದಕ್ಕೆ ಶಾಲೆಯ ಲೆಕ್ಕವೇ ಸಾಕು: ಬಟ್ಟಲಿನ ಅಡ್ಡಳತೆಯನ್ನು 3.14ರಿಂದ ಗುಣಿಸಿ. ಒಳಗಿನ ಅಡ್ಡಳತೆ 60 ಮಿಲಿಮೀಟರ್ ಇದ್ದರೆ ಸುಮಾರು 188 ಮಿಲಿಮೀಟರ್. ಅಗಲ ಐದಾರು ಮಿಲಿಮೀಟರ್ ಸಾಕು. ಅಂಟಿಸುವುದು ಬಟ್ಟಲಿಗೆ, ಗುಂಡಿಗಲ್ಲ. ಗುಂಡಿಗೆ ಅಂಟಿಸಿದರೆ ತಿರುಗಿಸಿದಾಗ ಪಟ್ಟಿಯ ಅಂಚು ಹೊರಗೆ ಇಣುಕುತ್ತದೆ. ತುದಿಗಳು ಒಂದರ ಮೇಲೊಂದು ಏರಬಾರದು, ಏರಿದ ಜಾಗದಲ್ಲಿ ಗುಂಡು ಎಡವುತ್ತದೆ. ಇಡೀ ಸುತ್ತು ಬೇಡ, ನಾಲ್ಕು ಚಿಕ್ಕ ತುಂಡು ಅಂಟಿಸಿದರೆ ಸಾಲದೇ ಎಂದು ಕೇಳುತ್ತಾರೆ. ಹಿಡಿತಕ್ಕೆ ಸಾಕು, ಆದರೆ ನಡುವಿನ ಸಂದಿಯಲ್ಲಿ ಗಾಳಿ ನುಗ್ಗಿ ಕೆಲವೊಮ್ಮೆ ಸಿಳ್ಳೆ ಹೊಡೆಯುತ್ತದೆ.

ಹಿಂಬದಿಯಲ್ಲಿ ಅಂಟು ಇರುವ ಪಟ್ಟಿಯನ್ನು ನಂಬಬೇಡಿ. ಬಿಸಿಲಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡ್ ಮುಟ್ಟಲಾಗದಷ್ಟು ಕಾಯುತ್ತದೆ, ಆ ಅಂಟು ಜೋನಿಬೆಲ್ಲದಂತೆ ಇಳಿಯುತ್ತದೆ. ಚಪ್ಪಲಿ ಹೊಲಿಯುವವರು ಬಳಸುವ ರಬ್ಬರ್ ಅಂಟನ್ನು ಪಟ್ಟಿಗೂ ಬಟ್ಟಲಿಗೂ ತೆಳ್ಳಗೆ ಸವರಿ, ಹತ್ತು ನಿಮಿಷ ಬಿಟ್ಟು, ಬೆರಳಿಗೆ ಅಂಟಿಯೂ ಅಂಟದಂತಾದಾಗ ಒತ್ತಿ. ಕ್ಷಣದಲ್ಲಿ ಹಿಡಿಯುವ ಅಂಟನ್ನು ಇಲ್ಲಿ ಬಳಸಲೇಬಾರದು. ಅದರ ಹಬೆ ಕಪ್ಪು ಪ್ಲಾಸ್ಟಿಕ್ಕಿನ ಮೇಲೆ ಬೂದಿ ಬಳಿದಂತೆ ಬಿಳಿ ಕಲೆ ಕೂರಿಸುತ್ತದೆ. ಒಂದು ಹನಿ ಸಂದಿಗಿಳಿದರೆ ಗುಂಡು ಶಾಶ್ವತವಾಗಿ ಒಂದೇ ಕಡೆ ನೋಡುತ್ತಾ ಕೂರುತ್ತದೆ. ಅಂಥ ಒಂದು ಕಾರು ಕಂಡಿದ್ದೇನೆ, ಅದರ ಎಡ ವೆಂಟು ಸದಾ ಕಿಟಕಿಯ ಆಚೆ ನೋಡುತ್ತಿತ್ತು.

ಗುಂಡನ್ನು ಕೂರಿಸಿದ ಮೇಲೆ, ಡ್ಯಾಶ್‌ಬೋರ್ಡಿಗೆ ಹಾಕುವ ಮುಂಚೆ, ಮನೆಯ ಬೀಗದ ಕೈ ಗೊಂಚಲನ್ನು ವೆಂಟಿನ ಜಾಲರಿಗೆ ಸಿಕ್ಕಿಸಿ ಅಲ್ಲಾಡಿಸಿ ನೋಡಿ. ತಲೆ ತಗ್ಗಿಸಬಾರದು. ಗೊಂಚಲು ತೆಗೆದು ಒಂದೇ ಬೆರಳಲ್ಲಿ ತಿರುಗಿಸಿದರೆ ತಿರುಗಬೇಕು. ತಗ್ಗಿಸಿದರೆ ಪಟ್ಟಿ ತೆಳುವಾಯಿತು. ಎರಡು ಬೆರಳು ಬೇಕಾದರೆ ದಪ್ಪವಾಯಿತು, ಹಾಗೇ ಬಿಡಬೇಡಿ, ತಿರುಗಿಸುವಾಗ ಕಿವಿಗಳ ಮೇಲೆ ಎಳೆತ ಬಿದ್ದು ಇಡೀ ವೆಂಟೇ ಒಂದು ದಿನ ಕೈಗೆ ಬರುತ್ತದೆ. ಕಿವಿಯೊಂದು ಆಗಲೇ ಮುರಿದಿದ್ದರೆ ಎಪಾಕ್ಸಿ ಅಂಟಿನಿಂದ ಕಟ್ಟಬಹುದು, ಒಣಗಲು ಒಂದಿಡೀ ರಾತ್ರಿ ಬಿಡಿ.

ದುಂಡಲ್ಲದ, ಅಡ್ಡಪಟ್ಟಿಗಳಿರುವ ಚೌಕ ವೆಂಟಿನವರೂ ಆಗಾಗ ಬರೆಯುತ್ತಾರೆ. ಅಲ್ಲಿ ಸವೆಯುವುದು ಪಟ್ಟಿಗಳ ತುದಿಯ ಮೊಳೆಯಂಥ ಭಾಗ ಮತ್ತು ಅದು ಕೂರುವ ತೂತು. ನಲ್ಲಿಗೆ ಸುತ್ತುವ ಬಿಳಿ ಟೆಫ್ಲಾನ್ ಟೇಪನ್ನು ಆ ತುದಿಗೆ ಎರಡು ಸುತ್ತು ಸುತ್ತಿ ಕೂರಿಸಿದರೆ ಆಯಿತು.

ನಿಮ್ಮ ನಾಲ್ಕರಲ್ಲಿ ಪ್ರಯಾಣಿಕರ ಬದಿಯ ಹೊರಗಿನದನ್ನು ಮೊದಲು ಬಿಚ್ಚಿ. ಕೈ ಪಳಗುವ ತನಕ ಆಗುವ ಗೀರು, ಗುರುತು ಅಲ್ಲಿದ್ದರೆ ದಿನವೂ ಕಣ್ಣಿಗೆ ಬೀಳುವುದಿಲ್ಲ. ಚಾಲಕನ ಮುಂದಿನದು ಕೊನೆಗೆ.